ಬೀಗತಿಯ ಧಾರಣೆ ಏರುಮುಖ

ಚಳ್ಳಕೆರೆಯಲ್ಲಿ ಗಡಿಯಾರ ಸುಳ್ಳು ಹೇಳಬಹುದು, ಬಸ್ಸಿನ ಬೋರ್ಡು ಸುಳ್ಳು ಹೇಳಬಹುದು, ಪಾಲಾಕ್ಷನ ಬೋರ್ಡು ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಸರ್ವರೂ ಒಪ್ಪಿದ ಮಾತು. ಆ ಸರ್ವರಲ್ಲಿ ಮೊದಲಿಗ ಪಾಲಾಕ್ಷನೇ.

ವಿಶ್ವನಾಥ್ ಸಾವ್ಕಾರರ ಶೇಂಗಾ ಮಂಡಿಯ ಮುಂದೆ ಆಳೆತ್ತರದ ಕರಿಹಲಗೆಯೊಂದಿದೆ. ಹದಿನೆಂಟು ವರ್ಷದಿಂದ ಬೆಳಿಗ್ಗೆ ಹತ್ತು ಗಂಟೆಗೆ ಪಾಲಾಕ್ಷ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು, ಪೂಜಾರಿ ಮಂಗಳಾರತಿಗೆ ನಿಂತಷ್ಟೇ ಗಂಭೀರವಾಗಿ ನಿಂತು, ಆ ದಿನದ ಧಾರಣೆ ಬರೆಯುತ್ತಾನೆ. ಎಡಗಡೆ ಕೂಡಿಡುವ ಮಾಲು: ಶೇಂಗಾ, ಹುಣಸೆಹಣ್ಣು, ತೊಗರಿ. ಬಲಗಡೆ ಬಾಡುವ ಮಾಲು: ಟೊಮೇಟೊ, ಕೊತ್ತಂಬರಿ, ಸೇವಂತಿಗೆ. ಪ್ರತಿ ಮಾಲಿನ ಮುಂದೆ ಎಷ್ಟು ಬಂತೆಂಬ ಆವಕ, ಅದರ ರೇಟು, ಕಟ್ಟಕಡೆಗೆ ಒಂದು ಪದ: ಏರುಮುಖ ಅಥವಾ ಇಳಿಮುಖ. ಈ ಕೊನೆಯ ಪದಕ್ಕೆ ಸೀಮೆಸುಣ್ಣ ಎತ್ತಿದಾಗ ಬೀಡಿ ಹಚ್ಚಲು ಹೊರಟವರೂ ಕಡ್ಡಿ ಆರಿಸಿ ನೋಡುತ್ತಾರೆ. ಏರುಮುಖ ಎಂದರೆ ರೈತ ಚೀಲವನ್ನು ವಾಪಸ್ ಗಾಡಿಗೆ ಹಾಕಿ ಮನೆಗೆ ಒಯ್ದು ಅಟ್ಟದ ಮೇಲಿಡುತ್ತಾನೆ. ಇಳಿಮುಖ ಎಂದರೆ ಬಂದ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಬೋರ್ಡಿನ ಫೋಟೋ 'ಶೇಂಗಾ ಮಿತ್ರರು' ಎಂಬ ವಾಟ್ಸಾಪ್ ಗುಂಪಿನಲ್ಲಿ ಹತ್ತೂವರೆಯೊಳಗೆ ದೇವಸಮುದ್ರ ಮುಟ್ಟಿರುತ್ತದೆ.

ಇಂಥ ಪಾಲಾಕ್ಷನ ಕೀರ್ತಿಗೆ ಮನೆಯ ಹೊಸ್ತಿಲ ಈಚೆಗೆ ಮಾತ್ರ ಬೆಲೆ ಇತ್ತು. ಹೊಸ್ತಿಲ ಆಚೆ ಅವನ ಹೆಂಡತಿ ನಾಗರತ್ನ ಇದ್ದಳು.

ಆ ವರ್ಷ ಮಂಡಿಯ ಹಿಂದಿನ ಬಯಲಿನಲ್ಲಿ ಶ್ರೀ ನವಿಲುಗುಡ್ಡ ಬಸವೇಶ್ವರ ನಾಟ್ಯ ಸಂಘ ಡೇರೆ ಹಾಕಿತ್ತು. ನಾಟಕದ ಹೆಸರು 'ಬೀಗತಿ ಬಂದ್ಲು ಬಾಗ್ಲು ಹಾಕು'. ಐನೂರು ಕುರ್ಚಿ, ಸುತ್ತ ತಗಡಿನ ಗೋಡೆ, ದಿನಾ ಸಂಜೆ ಆರೂವರೆಗೆ ಆಟ. ಬೀಗತಿಯಾಗಿ ಸರಿತಾ ಎಂಬ ನಟಿ ಬಂದು ನಿಂತರೆ ಸತ್ತವರೂ ನಗುತ್ತಿದ್ದರು. ಕಷ್ಟವೇನೆಂದರೆ ನೋಡಲು ಬದುಕಿದ್ದವರೇ ಬರುತ್ತಿರಲಿಲ್ಲ. ನೂರು ಜನ ಬಂದರೆ ಕಂಪನಿ ಮಾಲೀಕ ಜಂಪಣ್ಣ ದೇವರಿಗೆ ಕಾಯಿ ಒಡೆಸುತ್ತಿದ್ದ.

ದೊಡ್ಡ ಅನಾಹುತಗಳೆಲ್ಲ ಚಹಾದಂಗಡಿಯಲ್ಲಿ ಶುರುವಾಗುತ್ತವೆ ಎಂದು ಯಾವ ಚರಿತ್ರೆಯಲ್ಲೂ ಬರೆದಿಲ್ಲ. ಬರೆದವರು ಚಳ್ಳಕೆರೆಯಲ್ಲಿ ಚಹಾ ಕುಡಿದಿರಲಿಕ್ಕಿಲ್ಲ. ಒಂದು ಶನಿವಾರ ಜಂಪಣ್ಣ ಮಂಡಿಯೆದುರಿನ ಅಂಗಡಿಯಲ್ಲಿ ಮೊಬೈಲು ಹಿಡಿದು ಪಾಲಾಕ್ಷನ ಮುಂದೆ ಗೋಳಾಡುತ್ತಿದ್ದ.

"ನೋಡ್ರಿ ಇಲ್ಲಿ. ಸಿನಿಮಾದೋರಿಗೆ ಮೊದಲ್ನೇ ವಾರ ಇಷ್ಟು ಕಲೆಕ್ಷನ್, ಎರಡನೇ ವಾರ ಇಷ್ಟು, ಸೋಮವಾರ ಬಿತ್ತು, ಶನಿವಾರ ಎದ್ದಿತು ಅಂತ ದಿನಾ ಬರೀತಾರೆ. ಬಿದ್ದಿದ್ದೂ ಸುದ್ದಿ, ಎದ್ದಿದ್ದೂ ಸುದ್ದಿ. ನಂದೂ ಕಲೆಕ್ಷನ್ನೇ ಅಲ್ವೇನ್ರಿ? ನಂದು ಬಿದ್ರೂ ಕೇಳೋರಿಲ್ಲ."

ಇನ್ನೊಬ್ಬನಾಗಿದ್ದರೆ ಅಯ್ಯೋ ಪಾಪ ಎಂದು ಎದ್ದು ಹೋಗುತ್ತಿದ್ದ. ಆದರೆ ಪಾಲಾಕ್ಷ ಜಂಪಣ್ಣನ ಲೆಕ್ಕದಲ್ಲಿ ಎರಡನೆಯ ಚಹಾ ಕುಡಿಯುತ್ತಿದ್ದ. ಉಂಡ ಮನೆಯ ಋಣ ದೊಡ್ಡದು.

"ಬರೆಯೋರಿಲ್ಲ ಅಂದ್ರೆ ಏನ್ರಿ ಜಂಪಣ್ಣಾರೆ? ಹದಿನೆಂಟು ವರ್ಷ ಶೇಂಗಾದ ಟ್ರೆಂಡ್ ಬರೆದೋನು ನಾನು. ಶೇಂಗಾಕ್ಕಿಂತ ನಿಮ್ ನಾಟಕ ದೊಡ್ದಾ?"

ಜಂಪಣ್ಣನಿಗೆ ಇದು ಅವಮಾನವೋ ಉಪಕಾರವೋ ತಿಳಿಯಲಿಲ್ಲ. ಮೂರನೆಯ ಚಹಾ ಹೇಳಿದ.

ಸೋಮವಾರ ಪಾಲಾಕ್ಷ ಬೋರ್ಡಿನ ಮುಂದೆ ನಿಂತ. ಬಲಗಡೆ ಸಾಲುಗಳೆಲ್ಲ ತುಂಬಿದ್ದವು. ಎಡಗಡೆ ತೊಗರಿಯ ಕೆಳಗೆ ಒಂದು ಸಾಲು ಖಾಲಿ ಇತ್ತು. ಖಾಲಿ ಇದ್ದಲ್ಲಿ ಬರೆದ. ಈ ಸಾಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಪಾಲಾಕ್ಷ ಮರೆತ.

"ನಾಟಕ (ಬೀಗತಿ). ವಾರದ ಆವಕ 640 ಜನ. ರೇಟು 100. ಮುಂದಿನ ವಾರ ಏರುಮುಖ."

ಏರುಮುಖಕ್ಕೆ ಆಧಾರವಿರಲಿಲ್ಲವೆಂದಲ್ಲ. ಹಿಂದಿನ ಭಾನುವಾರಕ್ಕಿಂತ ಈ ಭಾನುವಾರ ಏಳು ಜನ ಹೆಚ್ಚು ಬಂದಿದ್ದರು. ಏಳರಲ್ಲಿ ನಾಲ್ವರು ಪಾಲಾಕ್ಷನ ಮನೆಯವರೇ ಎಂಬುದು ಬೇರೆ ಮಾತು.

ಮೊದಲು ಓದಿದವನು ದೇವಸಮುದ್ರದ ಬೊಮ್ಮಣ್ಣ, ನಾಗರತ್ನಳ ಅಣ್ಣ. ಆತ ಶೇಂಗಾ ಚೀಲಗಳೊಂದಿಗೆ ಬಂದಿದ್ದ.

"ಏನ್ ಪಾಲಾಕ್ಷಪ್ಪ, ಇದ್ಯಾವ್ದೋ ಹೊಸ ಮಾಲು?"

"ನಾಟಕದ ಟಿಕೆಟು, ಭಾವ."

"ಈಗ ನೂರು. ಮುಂದಕ್ಕೆ ಏರ್ತೈತೆ ಅಂತೀಯ?"

"ನಾನು ಅನ್ನಲ್ಲ ಭಾವ. ಬೋರ್ಡು ಅಂತೈತೆ."

ಬೊಮ್ಮಣ್ಣ ಟಿಕೆಟ್ಟನ್ನು ತರಿಸಿ ನೋಡಿದ. ಊರೂರು ಸುತ್ತುವ ಕಂಪನಿಯಾದ್ದರಿಂದ ಟಿಕೆಟ್ಟಿನ ಮೇಲೆ ತಾರೀಖು ಇರಲಿಲ್ಲ. ಆಟ ಇರುವಷ್ಟು ದಿನ ಯಾವತ್ತಾದರೂ ಬರಬಹುದು. ಆತ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆರಳಲ್ಲಿ ಉಜ್ಜಿ, ಮೂಸಿ ಕೂಡ ನೋಡಿದ. ಹುಳ ಹಿಡಿಯುವ ಮಾಲಲ್ಲ. ತೇವಕ್ಕೆ ಹೆದರಬೇಕಿಲ್ಲ. ಸಾವಿರ ಚೀಲದ ಬಾಬತ್ತು ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ಇಪ್ಪತ್ತು ಟಿಕೆಟ್ ಕೊಂಡ.

ಬೊಮ್ಮಣ್ಣ ಕೊಂಡದ್ದನ್ನು ತುರುವನೂರಿನವರು ನೋಡಿದರು. ತುರುವನೂರಿನವರು ಕೊಂಡದ್ದನ್ನು ತಳಕಿನವರು ಕೇಳಿದರು. ವರವು ಕಾವಲ್ ಕಡೆಯಿಂದ ಕುರಿ ಮಾರಲು ಬಂದವರು ಕುರಿಯ ದುಡ್ಡಿನಲ್ಲಿ ಅರ್ಧಕ್ಕೆ ಟಿಕೆಟ್ ಕೊಂಡು, ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಗುರುವಾರದ ಹೊತ್ತಿಗೆ ಜಂಪಣ್ಣ ಗಾಬರಿಯಾಗಿ ರೇಟನ್ನು ನೂರಿಪ್ಪತ್ತು ಮಾಡಿದ. ಪಾಲಾಕ್ಷ ಇದ್ದದ್ದನ್ನು ಇದ್ದಂತೆ ಬರೆದ: "ರೇಟು 120. ಏರುಮುಖ."

"ಹೇಳಿರ್ಲಿಲ್ವೇನ್ರಲೇ? ಪಾಲಾಕ್ಷಪ್ಪನ ಬೋರ್ಡು ಅಂದ್ರೆ ಶಿವನ ಮಾತು" ಎಂದು ಜನ ಮತ್ತಷ್ಟು ಕೊಂಡರು. ಮತ್ತಷ್ಟು ಕೊಂಡರೆಂದು ಜಂಪಣ್ಣ ನೂರೈವತ್ತು ಮಾಡಿದ.

ಪಾಲಾಕ್ಷನ ನಡಿಗೆ ಬದಲಾಯಿತು. ಸೀಮೆಸುಣ್ಣವನ್ನು ಜೇಬಿನಲ್ಲಿಡುವುದು ಬಿಟ್ಟು ಕಿವಿಯ ಮೇಲೆ ಸಿಕ್ಕಿಸಿಕೊಳ್ಳತೊಡಗಿದ. ಮನೆಯಲ್ಲಿ ಒಂದು ದಿನ ಊಟಕ್ಕೆ ಕೂತು, "ಈ ವಾರ ಚಟ್ನಿ ಇಳಿಮುಖ ಐತಲ್ಲ ನಾಗು" ಎಂದ. ನಾಗರತ್ನ ಮುದ್ದೆಯ ಆವಕ ನಿಲ್ಲಿಸಿದಳು.

ಎರಡನೆಯ ವಾರದ ಬುಧವಾರ, ಇಡೀ ಕ್ಯಾಂಪಿಗೆಂದು ಅಚ್ಚು ಹಾಕಿಸಿದ್ದರಲ್ಲಿ ಉಳಿದಿದ್ದ ಎರಡು ಸಾವಿರ ಟಿಕೆಟ್ಟೂ ಮುಗಿಯಿತು. ಜಂಪಣ್ಣ ಪೆಟ್ಟಿಗೆಯ ತಳದಿಂದ 'ಹೌಸ್ ಫುಲ್' ಬೋರ್ಡು ತೆಗೆಸಿದ. ಏಳು ವರ್ಷದಿಂದ ಬಿಸಿಲು ಕಾಣದ ಬೋರ್ಡು. ಅದರ ಹಿಂದೆ ಸಂಸಾರ ಹೂಡಿದ್ದ ಹಲ್ಲಿಯೊಂದು ಕಣ್ಣು ಕುಕ್ಕಿ ಓಡಿಹೋಯಿತು. ಬೋರ್ಡಿಗೆ ಕುಂಕುಮ ಹಚ್ಚಿ, ಹೂವು ಹಾಕಿ, ಬಾಗಿಲಿಗೆ ತೂಗುಹಾಕಿದರು.

ಆರೂವರೆಗೆ ಪರದೆ ಎದ್ದಿತು. ಒಳಗೆ ಹನ್ನೊಂದು ಜನ ಇದ್ದರು. ಅದರಲ್ಲಿ ಇಬ್ಬರು ಕಂಪನಿಯ ಅಡುಗೆಯವರು.

ಕೊಂಡವರು ಕೂಡಿಟ್ಟಿದ್ದರು. ಏರುತ್ತಿರುವ ಮಾಲನ್ನು ಯಾವ ಮೂರ್ಖ ಖರ್ಚು ಮಾಡುತ್ತಾನೆ? ದೇವಸಮುದ್ರದಲ್ಲಿ ಟಿಕೆಟ್ಟುಗಳು ಟ್ರಂಕಿನಲ್ಲಿ, ಜೋಳದ ಗುಡಾಣದಲ್ಲಿ, ದೇವರ ಪಟದ ಹಿಂದೆ ಸುಖವಾಗಿ ಮಲಗಿದ್ದವು. ಗುರುವಾರ ಒಂಬತ್ತು ಜನ ಬಂದರು. ಶುಕ್ರವಾರಕ್ಕೆ ಅಡುಗೆಯವರೂ ಬೇಸತ್ತು ಎದ್ದುಹೋದರು. ಚಳ್ಳಕೆರೆಯ ಚರಿತ್ರೆಯಲ್ಲಿ ಇಷ್ಟು ಚೆನ್ನಾಗಿ ಮಾರಾಟವಾಗಿ ಇಷ್ಟು ಖಾಲಿಯಾಗಿ ನಡೆದ ನಾಟಕ ಇನ್ನೊಂದಿಲ್ಲ.

ಆ ಗುರುವಾರ ಸಂಜೆ ಪಾಲಾಕ್ಷ ಕಿವಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡು ಡೇರೆಯ ಬಾಗಿಲಲ್ಲಿ ನಿಂತಿದ್ದ. ಸಿದ್ದಾಪುರದ ಬೋರಕ್ಕ ಎಂಬ ಮುದುಕಿ ಬಂದಳು. ಚಳ್ಳಕೆರೆಯಲ್ಲಿರುವ ಮಗಳ ಮನೆಗೆ ಬಂದವಳು, ಶೇಂಗಾ ಬಿಡಿಸಿದ ಕೂಲಿಯಲ್ಲಿ ನೂರೈವತ್ತು ಎತ್ತಿಟ್ಟು, ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ನಾಟಕಕ್ಕೆಂದೇ ಬಂದಿದ್ದಳು.

"ಒಂದು ಟಿಕೀಟ್ ಕೊಡಪ್ಪ."

"ಟಿಕೆಟ್ ಇಲ್ಲ ಅಜ್ಜಿ. ಹೌಸ್ ಫುಲ್" ಎಂದ ಜಂಪಣ್ಣ, ದುಃಖದಿಂದ.

ಬೋರಕ್ಕ ತಗಡಿನ ಸಂದಿಯಲ್ಲಿ ಕಣ್ಣಿಟ್ಟಳು. "ಒಳಗೆ ಎಲ್ಲಾ ಖಾಲಿ ಐತಲ್ಲಪ್ಪ."

"ಖಾಲಿ ಇಲ್ಲ ಅಜ್ಜಿ, ಮಾರಾಟ ಆಗೈತೆ. ಕೊಂಡೋರು ಇವತ್ತೇ ಬಂದುಬಿಟ್ರೆ ಎಲ್ಲಿ ಕೂರಿಸ್ಲಿ? ನಮ್ಮಪ್ಪನ ಕಾಲದಿಂದ್ಲೂ ಟಿಕೆಟ್ ಇಲ್ದೆ ಒಬ್ಬರನ್ನೂ ಒಳಗೆ ಬಿಟ್ಟಿಲ್ಲ ನಾವು."

"ಬರ್ದೇ ಇರೋರ ಕುರ್ಚಿ ಕಾಯ್ತೀರ, ಬಂದಿರೋಳ್ನ ನಿಲ್ಲಿಸ್ತೀರ. ಚೆನ್ನಾಗೈತೆ ಬಿಡು ನಿಮ್ ನ್ಯಾಯ" ಎಂದಳು ಬೋರಕ್ಕ. ಬೈಯಲಿಲ್ಲ. ತಗಡಿಗೆ ಬೆನ್ನು ಕೊಟ್ಟು ಹೊರಗೇ ಕೂತು, ಒಳಗಿನ ಮಾತು ಕೇಳಿಸಿಕೊಂಡು ಒಬ್ಬಳೇ ನಗತೊಡಗಿದಳು. ಆ ನಗು ಕೇಳಿ ಪಾಲಾಕ್ಷ ಸೀಮೆಸುಣ್ಣವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಒಬ್ಬ ಹೆಂಗಸು ಮಂಡಿಗೆ ನುಗ್ಗಿದಳು. ಬಣ್ಣವಿಲ್ಲದ ಮುಖವಾದ್ದರಿಂದ ಯಾರೂ ಗುರುತಿಸಲಿಲ್ಲ. ಬಾಯಿ ತೆರೆದ ಕೂಡಲೇ ಬೀಗತಿ ಎಂದು ತಿಳಿದು ಎಲ್ಲರೂ ಎದ್ದು ನಿಂತರು.

"ಯಾರ್ರಿ ಇಲ್ಲಿ ಬೋರ್ಡ್ ಬರೆಯೋ ಮಹಾನುಭಾವ? ನೀವೇನಾ? ನಿನ್ನೆ ನಾನು ಟ್ರಂಕು ಹೊತ್ಕೊಂಡು ಬಂದು, 'ಬೀಗರೇ, ನಾನು ಇರೋಕೇ ಬಂದಿರೋದು' ಅಂದೆ. ಹದಿನಾಲ್ಕು ವರ್ಷದಿಂದ ಆ ಮಾತಿಗೆ ಜನ ಬಿದ್ದೂ ಬಿದ್ದೂ ನಗ್ತಾರೆ. ನಿನ್ನೆ ಫ್ಯಾನ್ ಕಿರ್ ಅಂತು. ಅಷ್ಟೇ. ಖಾಲಿ ಕುರ್ಚಿಗೆ ನಗಿಸೋಕೆ ನನ್ ಕೈಲಿ ಆಗಲ್ಲ. ಭಾನುವಾರದ ಆಟ ಒಂದು ಮುಗಿಸ್ತೀನಿ, ಸೋಮವಾರ ಬಣ್ಣದ ಪೆಟ್ಟಿಗೆ ಕಟ್ಕೊಂಡು ಊರಿಗೆ ಹೋಗ್ತೀನಿ."

ಸರಿತಾ ಹೋದರೆ ಕಂಪನಿಯೇ ಹೋದಂತೆ. ಹಿಂದೆ ನಿಂತಿದ್ದ ಜಂಪಣ್ಣ ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ.

ಅಷ್ಟರಲ್ಲಿ ವಿಶ್ವನಾಥ್ ಸಾವ್ಕಾರರು ಗದ್ದಿಗೆಯಿಂದ ಇಳಿದರು. ಸಾವ್ಕಾರರು ಗದ್ದಿಗೆಯಿಂದ ಇಳಿಯುವುದು ಆಯುಧಪೂಜೆಗೆ ಒಮ್ಮೆ, ಕೋಪ ಬಂದಾಗ ಒಮ್ಮೆ.

"ಪಾಲಾಕ್ಷ, ಈ ಕಂಪನಿ ಸೋಮವಾರ ಎದ್ದೋದ್ರೆ ಊರೂರಲ್ಲಿ ಜನ ಟ್ರಂಕಲ್ಲಿ ಇಟ್ಕೊಂಡಿರೋ ಟಿಕೆಟ್ಟು ಏನಾಗ್ತೈತೆ?"

"ಕಾಗದ ಆಗ್ತೈತೆ ಸಾವ್ಕಾರ್ರೆ."

"ಆ ಕಾಗದ ತಂದು ಯಾರ ಮುಖಕ್ಕೆ ಎಸೀತಾರೆ?"

ಸಾವ್ಕಾರರು ಮೂಲೆಯಲ್ಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತೋರಿಸಿದರು. ಒಳಗೆ ಕೆಂಪು ದೀಪದ ಅಕ್ಷರ ಓಡುವ ಬೋರ್ಡು. ಆರು ತಿಂಗಳ ಹಿಂದೆಯೇ ತರಿಸಿ, ಪಾಲಾಕ್ಷನ ಮುಖ ನೋಡಿ ಬಿಚ್ಚದೆ ಇಟ್ಟಿದ್ದರು.

"ನನ್ ಮಂಡಿ ಹೆಸರು ಹಾಳಾಗಬಾರ್ದು. ನಾಳೆ ಸಂಜೆಯೊಳಗೆ ಆ ಟಿಕೆಟೆಲ್ಲ ಖರ್ಚಾಗಬೇಕು, ಡೇರೆ ತುಂಬಬೇಕು. ಇಲ್ಲಾಂದ್ರೆ ಸೋಮವಾರ ನಿನ್ ಕರಿಹಲಗೆ ಇಳೀತೈತೆ, ಇದು ಏರ್ತೈತೆ. ನೀನು ಚೀಲ ಎಣಿಸ್ಕೊಂಡಿರು."

ಹೆಂಡತಿ ಮಾತು ಕೇಳದಿದ್ದರೂ, ಸಂಬಳ ಏರದಿದ್ದರೂ, ಬೆಳಿಗ್ಗೆ ಹತ್ತು ಗಂಟೆಗೆ ಇನ್ನೂರು ಜನ ಉಸಿರು ಬಿಗಿಹಿಡಿದು ತನ್ನ ಕೈಯನ್ನೇ ನೋಡುತ್ತಾರೆ ಎಂಬುದೊಂದೇ ಪಾಲಾಕ್ಷನ ಆಸ್ತಿ. ಅದು ಹೋದರೆ ಅವನು ಬರೀ ಪಾಲಾಕ್ಷ.

ಎಲ್ಲರಿಗಿಂತ ಹೆಚ್ಚು ಟಿಕೆಟ್ ಕೂಡಿಟ್ಟವನು ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಮಹಾಂತೇಶ್ ಎಂದು ಗೊತ್ತಾಯಿತು. ಮುನ್ನೂರು ಟಿಕೆಟ್! ಜಂಪಣ್ಣ, ಪಾಲಾಕ್ಷ ಇಬ್ಬರೂ ಸಿಕ್ಕ ಬಸ್ಸು ಹತ್ತಿದರು. ಮಹಾಂತೇಶ್ ರೇಷ್ಮೆ ಸೀರೆಗಳ ನಡುವೆ ಟಿಕೆಟ್ ಕಟ್ಟುಗಳನ್ನಿಟ್ಟು, ಮೇಲೆ ನುಸಿಗುಳಿಗೆ ಹಾಕಿದ್ದ.

"ಸ್ವಾಮಿ, ದಯವಿಟ್ಟು ನಾಳೆ ನಾಟಕಕ್ಕೆ ಬಂದುಬಿಡ್ರಿ" ಎಂದ ಜಂಪಣ್ಣ.

"ನಾಟಕಕ್ಕಾ? ಯಾಕ್ರಿ?"

"ನೋಡೋಕೆ."

"ನೋಡಿದ್ರೆ ಬಾಗ್ಲಲ್ಲಿ ಟಿಕೆಟ್ ಹರೀತೀರಲ್ರಿ! ಹರಿದಿರೋ ಮಾಲಿಗೆ ಏನ್ರಿ ರೇಟು? ಹರಿದ ಸೀರೆ ನಾನು ಮಾರ್ತೀನಾ?"

"ರೇಟು ಇನ್ನು ಏರಲ್ಲ ರೀ" ಎಂದ ಪಾಲಾಕ್ಷ, ಅಳುವ ದನಿಯಲ್ಲಿ.

ಮಹಾಂತೇಶ್ ಮೊಬೈಲು ತೆಗೆದು ಅವನ ಮುಖಕ್ಕೆ ಹಿಡಿದ. ಅದರಲ್ಲಿ ಅವತ್ತಿನದೇ ಬೋರ್ಡು, ಪಾಲಾಕ್ಷನದೇ ದುಂಡು ಅಕ್ಷರ: ಏರುಮುಖ. "ನಿಮ್ ಬಾಯಿ ಮಾತು ನಂಬಲಾ, ನಿಮ್ ಬೋರ್ಡು ನಂಬಲಾ?" ಎಂದವನು ಒಳಗಿದ್ದ ಹೆಂಡತಿಗೆ ತೆಲುಗಿನಲ್ಲಿ ಕೂಗಿದ, "ಇವ್ವಕೂ, ಇಂಕಾ ಪೆರುಗುತಾದಿ!" ಕೊಡಬೇಡ, ಇನ್ನೂ ಏರುತ್ತೆ ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ಮಂಡಿಯವನಿಗೆ ತಿಳಿಯುತ್ತದೆ. ಇಬ್ಬರೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಬಸ್ ಹತ್ತಿದರು.

"ಒಂದೇ ಒಂದು ಸಲ ಇಳಿಮುಖ ಅಂತ ಬರೆದುಬಿಡ್ರಿ ಪಾಲಾಕ್ಷಪ್ಪ" ಎಂದು ಜಂಪಣ್ಣ ಬಸ್ಸಿನಲ್ಲಿ ಗೋಗರೆದ.

"ಜನ ಇವತ್ತೂ ನೂರೈವತ್ತು ಕೊಡ್ತೀನಿ ಅಂತವ್ರೆ. ಇಳಿದಿಲ್ಲ ಅಂದ್ಮೇಲೆ ಇಳಿದೈತೆ ಅಂತ ಹೆಂಗೆ ಬರೀಲಿ? ಸುಳ್ಳು ಬರೆದು ಬೋರ್ಡು ಉಳಿಸ್ಕೊಳ್ಳೋ ಬದ್ಲು ನಿಜ ಬರೆದು ಕಳ್ಕೊಂತೀನಿ" ಎಂದ ಪಾಲಾಕ್ಷ. ಮೂರ್ಖನಿಗೂ ಒಂದು ಧರ್ಮವಿರುತ್ತದೆ. ಆ ಗಳಿಗೆಯಲ್ಲಿ ಅವನನ್ನು ಕಂಡು ಜಂಪಣ್ಣನಿಗೂ ಗೌರವ ಹುಟ್ಟಿತು.

ಮನೆಗೆ ಬಂದರೆ ನಾಗರತ್ನ ರಾಗಿ ಹಿಟ್ಟಿನ ಡಬ್ಬ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಹಿಟ್ಟಿನೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಎದುರಿಗೆ ಹಿಡಿದಳು. ಅದರಲ್ಲಿ ಹತ್ತು ಟಿಕೆಟ್ಟು.

"ಇದೇನ್ರಿ?"

ಪಾಲಾಕ್ಷ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಮಾವಿನ ಮರ ಕಾಯುವವನೇ ಹಣ್ಣು ತಿಂದು ಸಿಕ್ಕಿಬಿದ್ದಂತಾಗಿತ್ತು.

"ಅದು... ಏರುಮುಖ ಇತ್ತಲ್ಲ ನಾಗು, ಅದಕ್ಕೇ..."

"ನಮ್ಮಣ್ಣ ಇಪ್ಪತ್ತು ಕೊಂಡು ಕೂತವ್ನೆ, ನೀವು ಹತ್ತು ಕೊಂಡು ಕೂತೀರ. ಈ ಟಿಕೆಟ್ಟಲ್ಲಿ ಒಬ್ರಾದ್ರೂ ಆಟ ನೋಡಿದ್ರಾ? ನಾಟಕ ಏನು ಶೇಂಗಾನಾ, ಮುಂದಿನ ವರ್ಷದ ತನಕ ಇಟ್ಕೊಂಡು ಕೂರೋಕೆ? ಇವತ್ತಿನ ಆಟ ಇವತ್ತಿಗೆ ಮುಗೀತು. ನಾಳೆ ಅದೇ ಆಟ ಸಿಗ್ತೈತಾ? ಟೊಮೇಟೊ ಹಣ್ಣನ್ನ ಯಾರಾದ್ರೂ ಟ್ರಂಕಲ್ಲಿ ಇಡ್ತಾರಾ? ಟೊಮೇಟೊ ಸಾಲಲ್ಲಿ ಬರೆಯೋದನ್ನ ಶೇಂಗಾ ಸಾಲಲ್ಲಿ ಬರೆದೀರಲ್ರಿ, ನಿಮ್ ಹದಿನೆಂಟು ವರ್ಷದ ಸರ್ವಿಸ್‌ಗೆ ಬೆಂಕಿ ಹಾಕ!"

ಪಾಲಾಕ್ಷ ಕ್ಯಾಲೆಂಡರು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ನಾಗು, ನೀನು ಮಂಡಿಯಲ್ಲಿ ಇರಬೇಕಿತ್ತು ಕಣೆ."

"ನಾನು ಮಂಡಿಯಲ್ಲಿ ಇದ್ರೆ ನಿಮಗೆ ಮುದ್ದೆ ಯಾರು ಹಾಕ್ತಿದ್ರು? ಕೈ ತೊಳ್ಕೊಂಡು ಬರ್ರಿ."

ಭಾನುವಾರ ಮಂಡಿಗೆ ರಜೆ. ಆದರೂ ಪಾಲಾಕ್ಷ ಎಂಟು ಗಂಟೆಗೇ ಹೋಗಿ ಬೋರ್ಡು ಒರೆಸಿದ. ಎಡಗಡೆ ತೊಗರಿಯ ಕೆಳಗಿನ ಸಾಲನ್ನು ಎರಡು ಸಲ ಒರೆಸಿದ. ಬಲಗಡೆ ಟೊಮೇಟೊ, ಕೊತ್ತಂಬರಿಗಳ ನಡುವೆ ಜಾಗ ಬಿಡಿಸಿಕೊಂಡು ಬರೆದ:

"ನಾಟಕ (ಬೀಗತಿ). ಇವತ್ತು ಸಂಜೆ ಆರೂವರೆಗೆ ಕೊನೆಯ ಆಟ. ಉಳಿದರೆ ಬಾಡುತ್ತೆ."

ಒಂದಕ್ಷರವೂ ಸುಳ್ಳಲ್ಲ. ಚಹಾದಂಗಡಿಯವನು ಫೋಟೋ ಹೊಡೆದು ಗುಂಪಿಗೆ ಹಾಕಿದ. ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಪಾಲಾಕ್ಷನ ಫೋನು ಬಡಿದುಕೊಳ್ಳಲು ಶುರುವಾದದ್ದು ಸಂಜೆಯ ತನಕ ನಿಲ್ಲಲಿಲ್ಲ.

"ಪಾಲಾಕ್ಷಪ್ಪ! ಬಲಗಡೆಗೆ ಯಾವಾಗ ಹೋಯ್ತೋ ಅದು?" ಬೊಮ್ಮಣ್ಣ ದೇವಸಮುದ್ರದಿಂದ ಕಿರುಚಿದ. "ನನ್ ಹತ್ರ ಇಪ್ಪತ್ತು ಐತೆ! ಯಾರಾದ್ರೂ ತಗೊಳ್ಳೋರು ಅವ್ರಾ? ನೂರಕ್ಕೆ ಬಿಡ್ತೀನಿ. ಐವತ್ತಕ್ಕೆ ಬಿಡ್ತೀನಿ!"

"ಎಲ್ರೂ ಬಿಡೋರೇ ಭಾವ. ತಗೊಳ್ಳೋರಿಲ್ಲ."

"ಹಂಗಾರೆ ಏನ್ ಮಾಡ್ಲಿ?"

"ಮಾರದೆ ಉಳಿದ ಟೊಮೇಟೊನ ಏನ್ ಮಾಡ್ತೀಯ ಭಾವ?"

"ನಾವೇ ತಿಂತೀವಿ" ಎಂದ ಬೊಮ್ಮಣ್ಣ.

ನಾಲ್ಕು ಗಂಟೆಗೆ ಮೊದಲ ಟೆಂಪೋ ಬಂತು. ಐದಕ್ಕೆ ಬಳ್ಳಾರಿ ರಸ್ತೆಯಲ್ಲಿ ಟ್ರ್ಯಾಕ್ಟರು, ಗೂಡ್ಸ್ ಆಟೋ, ಲಾರಿಗಳ ಸಾಲು. ಬೊಮ್ಮಣ್ಣ ಇಪ್ಪತ್ತು ಟಿಕೆಟ್ಟಿಗೆ ಇಪ್ಪತ್ತು ತಲೆ ಹೊಂದಿಸಲು ಹೆಂಡತಿ ಮಕ್ಕಳು ಸಾಲದೆ, ಮಾತು ಬಿಟ್ಟಿದ್ದ ದಾಯಾದಿಗಳನ್ನೂ ಕೈಮುಗಿದು ಕರೆತಂದಿದ್ದ. ಮಹಾಂತೇಶ್ ಮುನ್ನೂರು ಟಿಕೆಟ್ ಖರ್ಚು ಮಾಡಲು ಮೊಳಕಾಲ್ಮೂರಿನ ಮಗ್ಗದವರ ಮನೆಮನೆಗೂ ಹೋಗಿ ಬೇಡಿ, ಐದು ಬಸ್ ಮಾಡಿಸಿದ್ದ. ಅವನಿಂದ ಬರುತ್ತಿದ್ದ ನುಸಿಗುಳಿಗೆಯ ವಾಸನೆಗೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಐನೂರು ಕುರ್ಚಿಯ ಡೇರೆಗೆ ಎರಡು ಸಾವಿರ ಜನ!

ಬಾಗಿಲಲ್ಲಿ ಇನ್ನೊಂದು ತಕರಾರು. ಜಂಪಣ್ಣ ಟಿಕೆಟ್ ಹರಿಯಲು ಹೋದರೆ ಬೊಮ್ಮಣ್ಣ ಗಟ್ಟಿಯಾಗಿ ಹಿಡಿದುಕೊಂಡ. "ಪೂರ್ತಿ ಹರೀಬೇಡ್ರಿ, ಮೂಲೆ ಒಂಚೂರು ಹರಿದ್ರೆ ಸಾಕು." ಹಿಂದಿನವರೂ ಹಾಗೆಯೇ ಹಟ ಹಿಡಿದರು. ಜಂಪಣ್ಣ ಎರಡು ಸಾವಿರ ಮೂಲೆಗಳನ್ನು ಚಿವುಟಿ ಚಿವುಟಿ ಬೆರಳಿಗೆ ಬೊಬ್ಬೆ ಬರಿಸಿಕೊಂಡ.

"ಎಲ್ಲಿ ಕೂರಿಸ್ಲಿ, ಪಾಲಾಕ್ಷಪ್ಪ?" ಎಂದು ಅವನು ಕೂಗಿದ.

"ತಗಡು ಬಿಚ್ಚಿಸ್ರಿ!" ಎಂದು ಪಾಲಾಕ್ಷನೂ ಕೂಗಿದ. ಹಮಾಲರು ಬಂದು ಮೂರು ಕಡೆಯ ತಗಡಿನ ಗೋಡೆ ಬಿಚ್ಚಿದರು. ಮಂಡಿಯ ಅಂಗಳವೂ ಬಯಲೂ ಒಂದಾದವು. ಶೇಂಗಾ ಚೀಲಗಳನ್ನು ಮೆಟ್ಟಿಲಿನಂತೆ ಜೋಡಿಸಿದ್ದೇ ತಡ, ಜನ ಏರಿ ಕೂತರು. ಸಾವ್ಕಾರರು ಎರಡನೆಯ ಸಲ ಗದ್ದಿಗೆ ಬಿಟ್ಟು ಬಂದು ಚೀಲದ ಮೇಲೆ ಕೂತರು. ಐನೂರು ಜನಕ್ಕಷ್ಟೇ ಪರವಾನಗಿ ಎಂದು ಕೇಳಲು ಬಂದ ಪೊಲೀಸ್ ಸಾಹೇಬರು, ಮೂರನೆಯ ಸಾಲಿನಲ್ಲಿ ತಮ್ಮ ಅತ್ತೆಯವರು ಕೂತಿರುವುದನ್ನು ಕಂಡು, ಲಾಠಿ ಕಂಕುಳಿಗೆ ಸಿಕ್ಕಿಸಿಕೊಂಡು ಗಾಡಿ ನಿಲ್ಲಿಸುವ ಜಾಗ ತೋರಿಸಲು ಹೋದರು.

ಬೋರಕ್ಕ ಅದೇ ಹಸಿರು ಸೀರೆಯಲ್ಲಿ ದೂರ ನಿಂತಿದ್ದಳು. ಪಾಲಾಕ್ಷ ರಾಗಿ ಹಿಟ್ಟು ಮೆತ್ತಿದ ಹತ್ತು ಟಿಕೆಟ್ಟು ತೆಗೆದು, ಎಲ್ಲಕ್ಕಿಂತ ಮೊದಲಿನದನ್ನು ಅವಳ ಕೈಗಿಟ್ಟು, ಕರೆತಂದು ಮುಂದಿನ ಸಾಲಿನ ಸೋಫಾದಲ್ಲಿ ನಾಗರತ್ನಳ ಪಕ್ಕ ಕೂರಿಸಿದ. "ದುಡ್ಡು ತಗೊಳಪ್ಪ" ಎಂದಳು ಅವಳು. "ಬಾಡೋ ಮಾಲಿಗೆ ದುಡ್ಡು ಬ್ಯಾಡ ಬೋರಕ್ಕ, ನೀನು ನಕ್ರೆ ಸಾಕು" ಎಂದ ಪಾಲಾಕ್ಷ. ನಾಗರತ್ನ ಗಂಡನನ್ನು ಒಂದು ಸಲ ನೋಡಿದಳು. ಅಂಥ ನೋಟ ಅವನು ಮದುವೆಯ ಮೊದಲ ವರ್ಷದಲ್ಲಿ ಕಂಡದ್ದು.

ಪರದೆ ಎದ್ದಿತು. ಸರಿತಾ ಟ್ರಂಕು ಹೊತ್ತು ಬಂದು ಜನಸಾಗರವನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಬೀಗರೇ, ನಾನು ಇರೋಕೇ ಬಂದಿರೋದು!" ಎಂದಳು.

ನಗು ಮೊದಲು ಕುರ್ಚಿಗಳಿಂದ ಬಂತು. ಅದು ಮುಗಿಯುವಷ್ಟರಲ್ಲಿ ಚೀಲಗಳಿಂದ ಬಂತು. ಅದೂ ಮುಗಿಯಿತೆನ್ನುವಾಗ ಮಾತು ತಡವಾಗಿ ಮುಟ್ಟಿದ ಲಾರಿಯ ಮೇಲಿನವರು ಶುರುಮಾಡಿದರು. ಅವರ ನಗು ಕೇಳಿ ಕುರ್ಚಿಯವರು ಮತ್ತೆ ನಕ್ಕರು. ಒಂದೊಂದು ಮಾತಿಗೂ ಮೂರು ಕಂತು. ಎರಡೂವರೆ ಗಂಟೆಯ ಆಟ ನಾಲ್ಕು ಗಂಟೆಯಾಯಿತು. ಬೋರಕ್ಕ ನಕ್ಕು ನಕ್ಕು ಸೋಫಾದಿಂದ ಜಾರಿ, ನೆಲದಲ್ಲೇ ಕೂತು ನಕ್ಕಳು. ಬೊಮ್ಮಣ್ಣ ದಾಯಾದಿಯ ಹೆಗಲ ಮೇಲೆ ಬಿದ್ದು ನಗುತ್ತಿದ್ದ. ಹನ್ನೆರಡು ವರ್ಷದ ಜಮೀನು ಜಗಳ ಅಲ್ಲೇ ಅರ್ಧ ಬಗೆಹರಿಯಿತು. ಪಾಲಾಕ್ಷನಿಗೆ ಆದ ಸಂತೋಷ ಹೇಳತೀರದು. ಶೇಂಗಾ ಹತ್ತು ಸಾವಿರ ಮುಟ್ಟಿದ ದಿನವೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ.

ಕೊನೆಗೆ ಸರಿತಾ ನಾಟಕದ ಕಾಗದದ ಹಾರ ಹಿಡಿದು ನಿಂತಳು. "ಈ ಬೀಗತೀನ ಊರು ಬಿಡಿಸ್ಬೇಕು ಅಂತಿದ್ದೋರೂ ನೀವೇ, ಉಳಿಸ್ಕೊಂಡೋರೂ ನೀವೇ. ಬೋರ್ಡ್ ಬರೆಯೋರು ಮೇಲೆ ಬರ್ಬೇಕು!" ಜನ ಪಾಲಾಕ್ಷನನ್ನು ಶೇಂಗಾ ಚೀಲದಂತೆ ಎತ್ತಿ ವೇದಿಕೆಗೆ ಹಾಕಿದರು. ಹಾರ ಬಿತ್ತು. ಮೈಕು ಬಾಯಿಗೆ ಬಂತು. ಎರಡು ಸಾವಿರ ಜನ ಉಸಿರು ಬಿಗಿಹಿಡಿದರು.

"ಆವಕ... ಚೆನ್ನಾಗೈತೆ" ಎಂದ ಪಾಲಾಕ್ಷ.

ಆ ರಾತ್ರಿಯ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಂಡಿಯ ಮುಂದೆ ಎಂದಿಗಿಂತ ಎರಡರಷ್ಟು ಜನ. ಸಾವ್ಕಾರರು ರಟ್ಟಿನ ಪೆಟ್ಟಿಗೆಯನ್ನು ಹಮಾಲರ ಕೈಲಿ ಹೊರಗೆ ತರಿಸಿದರು. ಪಾಲಾಕ್ಷ ಕರಿಹಲಗೆಗೆ ಅಡ್ಡ ನಿಂತ.

"ಜಂಪಣ್ಣ, ಈ ದೀಪದ ಬೋರ್ಡು ನೀನು ತಗೊಂಡು ಹೋಗು. ನಿನ್ ಮುಂದಿನ ಕ್ಯಾಂಪು ಮೊಳಕಾಲ್ಮೂರು ತಾನೆ, ಅಲ್ಲಿ ಡೇರೆ ಮುಂದೆ ಹಾಕ್ಕೋ" ಎಂದರು ಸಾವ್ಕಾರರು. ಆಮೇಲೆ ಪಾಲಾಕ್ಷನ ಕಡೆ ತಿರುಗಿದರು. "ಇದು ಹೇಳಿದ್ರೆ ಜನ ಓದ್ತಾರೆ. ಇವನು ಬರೆದ್ರೆ ಗಾಡಿ ಕಟ್ಟಿಸ್ಕೊಂಡು ಬರ್ತಾರೆ. ಹಿಡ್ಕೊಳ್ಳಯ್ಯ ನಿನ್ ಸೀಮೆಸುಣ್ಣ."

ಕಂಪನಿಯ ಲಾರಿ ಆಗಲೇ ಮೊಳಕಾಲ್ಮೂರಿನ ಕಡೆ ಮುಖ ಮಾಡಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಸರಿತಾ ಬಣ್ಣದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರಿಗೆ ಹೋಗುವ ಮಾತನ್ನು ಅವಳೂ ಎತ್ತಲಿಲ್ಲ, ಯಾರೂ ನೆನಪು ಮಾಡಲಿಲ್ಲ.

ಪಾಲಾಕ್ಷ ಬೋರ್ಡು ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು, ಶೇಂಗಾ ಬರೆದ, ಹುಣಸೆ ಬರೆದ, ತೊಗರಿ ಬರೆದ. ಬಲಗಡೆ ಟೊಮೇಟೊ ಕೆಳಗೆ ಬರೆದ: "ನಾಟಕ (ಬೀಗತಿ). ವಾರದ ಆವಕ 2,031 ಜನ. ದಾಸ್ತಾನು ಇಲ್ಲ."

"ದಾಸ್ತಾನು ಇಲ್ಲ ಅಂತ ಯಾವನ್ ಹೇಳ್ದ?" ಜನರ ನಡುವಿನಿಂದ ಬೊಮ್ಮಣ್ಣ ಮುಂದೆ ಬಂದ. ನಿನ್ನೆ ಊರಿಗೆ ಹೋಗದೆ ತಂಗಿಯ ಮನೆಯಲ್ಲೇ ಉಳಿದಿದ್ದ. ಜೇಬಿನಿಂದ ಇಪ್ಪತ್ತು ಟಿಕೆಟ್ ತೆಗೆದು, ಬೀಸಣಿಗೆಯಂತೆ ಅಗಲಿಸಿ ಹಿಡಿದ. "ನೋಡು, ಮೂಲೆ ಒಂಚೂರು ಹೋಗೈತೆ, ಅಷ್ಟೇ. ಮೊಳಕಾಲ್ಮೂರಲ್ಲಿ ಇದಕ್ಕೆ ಏನ್ ರೇಟು, ಪಾಲಾಕ್ಷಪ್ಪ?"

ಹದಿನೆಂಟು ವರ್ಷದಲ್ಲಿ ಬೋರ್ಡಿನ ಮುಂದೆ ಒಮ್ಮೆಯೂ ಹಲ್ಲು ಬಿಡದ ಪಾಲಾಕ್ಷ, ಸೀಮೆಸುಣ್ಣ ಕೈಜಾರಿ ಬೀಳುವಂತೆ, ಗೋಡೆ ಹಿಡಿದುಕೊಂಡು, ಮೂರು ಕಂತಿನಲ್ಲಿ ನಕ್ಕ.